ಬೋರ್ಡ್ ಬೇಡ, ಸರ್ಜನ್ ಕೊಡಿ

ಡ್ಯೂಟಿ ಮುಗಿಯುವ ಹೊತ್ತಿಗೆ ಬಾಯಮ್ಮನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೂ ನೀಲಿ ಇಂಕಿನ ಅಂಕಿಗಳಿಂದ ತುಂಬಿಹೋಗಿರುತ್ತಿತ್ತು. ಗಾಯಾಳು ಬಾಗಿಲೊಳಗೆ ಬಂದ ಸಮಯ, ಸರ್ಜನ್‌ಗೆ ಫೋನ್ ಮಾಡಿದ ಸಮಯ, ಸರ್ಜನ್ ಬಂದು ಮೈ ಮುಟ್ಟಿ ನೋಡಿದ ಸಮಯ, ರಕ್ತ ಏರಿಸಿದ ಸಮಯ. ಕಾಗದ ಹುಡುಕಲು ಪುರಸೊತ್ತಿಲ್ಲದ ಕೆಲಸ. ಬಾಲ್‌ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಚರ್ಮದ ಮೇಲೇ ಗೀಚಿಬಿಡುತ್ತಿದ್ದರು. ಗಲಾಟೆ ಇಳಿದ ಮೇಲೆ ಸ್ಟೂಲಿನಲ್ಲಿ ಕೂತು, ಕೈಯನ್ನು ತಿರುಗಿಸಿ ತಿರುಗಿಸಿ ಓದಿಕೊಳ್ಳುತ್ತಾ ಎಲ್ಲವನ್ನೂ ರಫ್ ಬುಕ್ಕಿಗೆ ಇಳಿಸುತ್ತಿದ್ದರು. ಆಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿಕೊಳ್ಳುತ್ತಿದ್ದರು. ಪೂರ್ತಿ ಹೋಗುತ್ತಿರಲಿಲ್ಲ. ನಿನ್ನೆಯ ಅಂಕಿಗಳ ಮಸುಕಿನ ಮೇಲೆ ಇವತ್ತಿನವು ಕೂರುತ್ತಿದ್ದವು.

ಒಮಾನಿನ ಕರಾವಳಿಯಲ್ಲಿ, ಸಹಮ್ ಪಟ್ಟಣ ದಾಟಿ ಸ್ವಲ್ಪ ಮುಂದೆ, ಹೆದ್ದಾರಿಯ ಪಕ್ಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವರು ತುರ್ತು ವಿಭಾಗದ ಇನ್‌ಚಾರ್ಜ್ ನರ್ಸ್. ನಾನು ಅದೇ ಆಸ್ಪತ್ರೆಯ ರೆಕಾರ್ಡ್ ರೂಮಿನ ಗುಮಾಸ್ತ. ಎರಡು ಸಾವಿರದ ದಶಕದ ಮಧ್ಯದ ಮಾತು. ಅವರು ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಮದುವೆಯಾಗಿರಲಿಲ್ಲ. ನಾನು ಮೈಸೂರಿನವನು. ತುಳುವೂ ಬಾರದು, ಕೊಂಕಣಿಯೂ ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವರನ್ನು 'ಬಾಯಮ್ಮ' ಎಂದು ಕರೆಯಲು ನನಗೆ ಕಲಿಸಿದ್ದು ಹೆದ್ದಾರಿಯ ಆಚೆ ಬದಿಯಲ್ಲಿ ಚಾ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ, ಅವರೂ ಮಂಗಳೂರು ಕಡೆಯ ಮುಸಲ್ಮಾನರು. "ನಮ್ಮ ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೇ ಕರೆಯುದು, ನೀವು ಮೇಡಂ ಗೀಡಂ ಹೇಳ್ಬೇಡಿ, ಅವರಿಗೆ ಸಿಟ್ಟು ಬರ್ತದೆ" ಎಂದಿದ್ದರು. ದಿನಾ ನಾಲ್ಕು ಗಂಟೆಗೆ ಫ್ಲಾಸ್ಕ್ ಹಿಡಿದು ರಸ್ತೆ ದಾಟಿ ಬಂದು, ತುರ್ತು ವಿಭಾಗದವರಿಗೆಲ್ಲ ಚಾ ಹೊಯ್ದು ಹೋಗುವ ಮನುಷ್ಯ ಅವರು.

ಬಾಯಮ್ಮನ ಬಾಯಿ ಮಾತ್ರ ಜೋರು. ಡಾಕ್ಟರಾದರೇನು, ಆಡಳಿತಾಧಿಕಾರಿಯಾದರೇನು, ಹೇಳಬೇಕಾದ್ದನ್ನು ಹೇಳಿಯೇ ತೀರುತ್ತಿದ್ದರು. ಗಾಯಾಳು ನರಳುತ್ತಿದ್ದರೆ ಮಾತ್ರ ದನಿ ಎಲ್ಲಿಗೋ ಇಳಿದುಹೋಗುತ್ತಿತ್ತು. ಪಠಾಣನಿರಲಿ, ಬಂಗಾಳಿಯಿರಲಿ, ಒಮಾನಿ ಮುದುಕಿಯಿರಲಿ, ಎಲ್ಲರಿಗೂ ಕನ್ನಡದಲ್ಲೇ "ಆಯ್ತು ಮಾರಾಯ, ಆಯ್ತು ಮಾರಾಯ್ತಿ, ಈಗ ಮುಗೀತು" ಎನ್ನುತ್ತಿದ್ದರು. ಅವರಿಗೆ ಅರ್ಥವಾಗುತ್ತಿತ್ತೋ ಏನೋ, ಸುಮ್ಮನಾಗುತ್ತಿದ್ದರು.

ಆ ಹೆದ್ದಾರಿ ಅಂದರೆ ಹಸಿದ ಹೆದ್ದಾರಿ. ವಾರಕ್ಕೆ ನಾಲ್ಕೈದು ಅಪಘಾತ. ಆಗೆಲ್ಲ ಪೊಲೀಸರು ಗಾಯಾಳುಗಳನ್ನು ನಮ್ಮ ಗೇಟು ದಾಟಿಸಿಕೊಂಡು ನಲವತ್ತು ನಿಮಿಷ ದೂರದ ದೊಡ್ಡ ಆಸ್ಪತ್ರೆಗೇ ಒಯ್ಯುತ್ತಿದ್ದರು. ತೀರಾ ಕೈಮೀರಿದವರನ್ನು ಮಾತ್ರ ನಮ್ಮಲ್ಲಿ ಇಳಿಸುತ್ತಿದ್ದರು. ಹೀಗಿರುವಾಗ ಆ ಭಾಗದ ಆರೋಗ್ಯ ಕಚೇರಿಯಿಂದ ಒಂದು ಪತ್ರ ಬಂತು. ನಮ್ಮ ಆಸ್ಪತ್ರೆಯನ್ನು ಟ್ರಾಮಾ ಸೆಂಟರ್ ಎಂದು ಗುರುತಿಸಬಹುದೇ ಎಂದು ನೋಡಲು ತಂಡ ಬರುತ್ತದೆ, ಆರು ತಿಂಗಳ ರಿಜಿಸ್ಟರ್ ಸಿದ್ಧವಿರಲಿ ಎಂದು. ಷರತ್ತುಗಳಲ್ಲಿ ಮುಖ್ಯವಾದದ್ದು ಒಂದೇ: ಫೋನ್ ಮಾಡಿದ ಇಪ್ಪತ್ತು ನಿಮಿಷದೊಳಗೆ ಸರ್ಜನ್ ಗಾಯಾಳುವಿನ ಪಕ್ಕದಲ್ಲಿರಬೇಕು. ಮಾನ್ಯತೆ ಸಿಕ್ಕಿದರೆ ಆಮೇಲೆ ಆ ರಸ್ತೆಯ ಅಷ್ಟೂ ಗಾಯಾಳುಗಳು ನಮ್ಮಲ್ಲಿಗೇ ಬರಬೇಕು, ಪೊಲೀಸರು ಮುಂದೆ ಒಯ್ಯುವಂತಿಲ್ಲ.

ನಮಗಿದ್ದದ್ದು ಒಬ್ಬರೇ ಸರ್ಜನ್. ಅವರೂ ಎರಡು ಆಸ್ಪತ್ರೆಗೆ ಓಡಾಡುವವರು, ಮನೆ ಪಕ್ಕದ ಊರಿನಲ್ಲಿ. "ಖಲಾಸ್ ಸಿಸ್ಟರ್, ಹೊರಟೆ" ಎಂದು ಫೋನಿನಲ್ಲಿ ಹೇಳಿ, ಮುಕ್ಕಾಲು ಗಂಟೆಗೆ ಬರುತ್ತಿದ್ದರು. ಪಾಪ, ಅವರನ್ನಾದರೂ ಏನನ್ನೋದು? ಬೇರೆ ಶಿಫ್ಟಿನ ನರ್ಸುಗಳು 'ಹೊರಟೆ' ಎಂದ ಸಮಯವನ್ನೇ 'ಬಂದ ಸಮಯ'ದ ಕಾಲಮ್ಮಿಗೆ ಹಾಕಿಬಿಡುತ್ತಿದ್ದರು. ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಯಾರೂ ಅದನ್ನು ಸುಳ್ಳು ಅಂದುಕೊಂಡಿರಲಿಲ್ಲ. ಬಾಯಮ್ಮ ಒಬ್ಬರೇ ಸರ್ಜನ್ ಕೈಗೆ ಗ್ಲೌಸ್ ಏರಿಸಿದ ಸಮಯ ಬರೆಯುತ್ತಿದ್ದರು.

"ನಿಜ ಟೈಮ್ ಕಂಡ್ರೆ ತಂಡದವರು ಟ್ರಾಮಾ ಸೆಂಟರ್ ಬೋರ್ಡ್ ಕೊಡಲ್ಲ ಬಾಯಮ್ಮ" ಎಂದೆ ಒಂದು ದಿನ.

"ಕೊಡುದು ಬೇಡ ಅಂತಲೇ ಬರೆಯುದು" ಎಂದರು. "ಈ ಟೈಮ್ ನೋಡಿದ್ರೆ ಅವರಿಗೆ ಗೊತ್ತಾಗ್ತದೆ, ಇಲ್ಲಿಗೆ ಇನ್ನೊಬ್ಬ ಸರ್ಜನ್ ಬೇಕು, ಕಾಂಪೌಂಡ್ ಒಳಗೆ ಕ್ವಾರ್ಟರ್ಸ್ ಬೇಕು ಅಂತ. ಮೊದಲು ಜನ ಕೊಡ್ಲಿ, ಆಮೇಲೆ ಬೋರ್ಡ್ ಹಾಕ್ಲಿ. ಬೋರ್ಡ್ ನೋಡಿ ರಕ್ತ ನಿಲ್ತದಾ ಮಾರಾಯ? ಬೋರ್ಡ್ ಬೇಡ, ಸರ್ಜನ್ ಕೊಡಿ. ಅಷ್ಟೇ ನಂದು."

ಆ ಮಾತನ್ನು ಅವರು ಮೀಟಿಂಗಿನಲ್ಲೂ ಹೇಳಿದರು. ಆಡಳಿತಾಧಿಕಾರಿ ನಕ್ಕು ಸುಮ್ಮನಾದರು. ಸಂಜೆ ನನ್ನನ್ನು ಕರೆಸಿ, ತಂಡಕ್ಕೆ ಕೊಡುವ ಫೈಲ್ ಚೆಂದ ಇರಬೇಕು, ಮಾನ್ಯತೆ ಬಾರದಿದ್ದರೆ ಈ ಆಸ್ಪತ್ರೆ ಬರೀ ಹೆಲ್ತ್ ಸೆಂಟರ್ ಆಗಿಬಿಡುತ್ತದೆ, ಆಗ ರೆಕಾರ್ಡ್ ರೂಮಿಗೆ ಇಬ್ಬರು ಗುಮಾಸ್ತರು ಬೇಕಾಗುವುದಿಲ್ಲ ಎಂದರು. ಇಬ್ಬರಲ್ಲಿ ಹೊರಗಿನವನು ನಾನೊಬ್ಬನೇ. ಮಗಳು ಇಂಡಿಯನ್ ಸ್ಕೂಲಿನಲ್ಲಿ ಆರನೇ ಕ್ಲಾಸು. ಜಾಣನಿಗೆ ಮಾತಿನ ಪೆಟ್ಟು ಅಂತಾರೆ. ನಾನು ಜಾಣನೇನೂ ಅಲ್ಲ, ಆದರೆ ಪೆಟ್ಟು ಗೊತ್ತಾಯಿತು.

ರಫ್ ಬುಕ್ಕಿನಿಂದ ಫೇರ್ ರಿಜಿಸ್ಟರ್ ಬರೆಯುವುದು ಗುಮಾಸ್ತನ ಕೆಲಸ, ಪ್ರತಿ ಪುಟಕ್ಕೆ ಸಹಿ ಹಾಕುವುದು ಇನ್‌ಚಾರ್ಜ್ ಕೆಲಸ. ಹನ್ನೊಂದು ದಿನ ಕೂತು ಬರೆದೆ. ಬಾಯಮ್ಮನ ಶಿಫ್ಟಿನ ಸಾಲುಗಳಿಗೂ ಉಳಿದವರ ಪದ್ಧತಿಯನ್ನೇ ಹಚ್ಚಿದೆ. ಫೋನಿನಲ್ಲಿ 'ಹೊರಟೆ' ಎಂದ ಸಮಯಕ್ಕೆ, ನೋಡಲು ಸಹಜವಾಗಿರಲಿ ಎಂದು, ಐದೋ ಏಳೋ ನಿಮಿಷ ಸೇರಿಸಿದರೆ ಅದೇ 'ಬಂದ ಸಮಯ'. ನಾನೇನೋ ಆಸ್ಪತ್ರೆಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಬಾಯಮ್ಮನ ಮೊಂಡುತನದಿಂದ ಅವರನ್ನೇ ಉಳಿಸುತ್ತಿದ್ದೇನೆ ಅಂತಲೂ ಅಂದುಕೊಂಡೆ.

ಸಹಿಗೆ ಒಯ್ದಾಗ ಎರಡು ಹಾಸಿಗೆಗಳಲ್ಲಿ ಗಾಯಾಳುಗಳಿದ್ದರು. ಬಾಯಮ್ಮ ನಿಂತಲ್ಲೇ ಪುಟ ಮಗುಚುತ್ತಾ ಸರಸರ ಸಹಿ ಹಾಕಿದರು. "ನಿನ್ನ ಅಕ್ಷರ ನೋಡಿದ್ರೆ ಓದುದೇ ಬೇಡ ಅನಿಸ್ತದೆ ಮಾರಾಯ, ಮುತ್ತು ಪೋಣಿಸಿದ ಹಾಗೆ ಉಂಟು" ಎಂದರು. ಆಗ ಬಾಯಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ.

ತಂಡ ಬಂತು, ರಿಜಿಸ್ಟರ್ ನೋಡಿತು, ಮೆಚ್ಚಿತು. ಎರಡು ತಿಂಗಳಲ್ಲಿ ಮಾನ್ಯತೆಯ ಪತ್ರ ಬಂತು, ಗೇಟಿಗೆ ಬೋರ್ಡ್ ಬಂತು. ಸರ್ಜನ್ ಬರಲಿಲ್ಲ. ಇರುವ ಒಬ್ಬರಲ್ಲೇ ಇಪ್ಪತ್ತು ನಿಮಿಷದ ಕೆಲಸ ನಡೆಯುತ್ತಿದೆಯಲ್ಲ, ಇನ್ನೊಬ್ಬರೇಕೆ ಎಂದು ಕಚೇರಿಯವರು ಬರೆದಿದ್ದರು. ಬಾಯಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. "ನಾನು ಬರೆದದ್ದನ್ನು ನೋಡಿಯೂ ಹೀಗೆ ಹೇಳಿದ್ರಾ? ಕಣ್ಣು ಎಲ್ಲಿಟ್ಟಿದ್ರು ಇವರು?" ಎಂದು ನನ್ನನ್ನೇ ಕೇಳಿದರು. ನಾನು ತಲೆ ಕೆರೆದುಕೊಂಡೆ.

ಬೋರ್ಡ್ ಬಂದ ನಾಲ್ಕನೇ ವಾರ, ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಅಂಗಡಿಗೆ ಮರಳುತ್ತಿದ್ದ ಕಾಕನಿಗೆ ಪಿಕಪ್ ಒಂದು ಹೊಡೆಯಿತು. ನಮ್ಮ ಗೇಟಿನಿಂದ ತುಸು ದೂರದಲ್ಲಿ. ಪೊಲೀಸರು ಎತ್ತಿ ಗಾಡಿಗೆ ಹಾಕಿಕೊಂಡು, ಹೊಸ ಆರ್ಡರಿನ ಪ್ರಕಾರ ಸೀದಾ ನಮ್ಮಲ್ಲಿಗೇ ತಂದರು. ನಾನು ಅಂದು ಡ್ಯೂಟಿಯಲ್ಲಿದ್ದೆ, ದಾಖಲಾತಿ ಚೀಟಿ ಬರೆದೆ. ಕಾಕನಿಗೆ ಪ್ರಜ್ಞೆ ಇತ್ತು. ಮೈಮೇಲೆ ದೊಡ್ಡ ಗಾಯವೇನೂ ಇಲ್ಲ.

"ಬಾಯಮ್ಮ, ಹೊಟ್ಟೆ ಮಾತ್ರ ನೋಯುದು" ಎಂದರು. "ಅಂಗಡಿಯಲ್ಲಿ ಯಾರೂ ಇಲ್ಲ. ಗ್ಯಾಸ್ ಆಫ್ ಮಾಡ್ಲಿಕ್ಕೆ ಯಾರನ್ನಾದ್ರೂ ಕಳಿಸಿ."

ಬಾಯಮ್ಮ ಹೊಟ್ಟೆ ಮುಟ್ಟಿ ನೋಡಿದರು. ಒಳಗೆ ರಕ್ತ ಸೋರುತ್ತಿದೆ ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿತ್ತು. ಒಂದು ಐವತ್ತಕ್ಕೆ ಸರ್ಜನ್‌ಗೆ ಫೋನ್. ಹೊರಟೆ ಎಂದರು. ಎರಡು ಹತ್ತಕ್ಕೆ ಮತ್ತೆ ಫೋನ್. ದಾರಿಯಲ್ಲಿದ್ದೇನೆ ಎಂದರು. ಬಾಯಮ್ಮ ಆಂಬುಲೆನ್ಸ್ ತರಿಸಿ, ದೊಡ್ಡ ಆಸ್ಪತ್ರೆಗೆ ಕಳಿಸೋಣ, ಸಹಿ ಹಾಕಿ ಎಂದು ಡ್ಯೂಟಿ ಡಾಕ್ಟರ ಕೈಗೆ ಪೆನ್ನು ಕೊಟ್ಟರು. ಡಾಕ್ಟರು ಹೊಸಬರು. ಮಾನ್ಯತೆ ಇರುವ ಸೆಂಟರಿನಲ್ಲಿ ಸರ್ಜನ್ ನೋಡದೆ ಹೊರಗೆ ಕಳಿಸುವಂತಿಲ್ಲ ಎಂಬ ಹೊಸ ನಿಯಮದ ಕಾಗದ ಗೋಡೆಗೇ ಅಂಟಿಸಿತ್ತು. ಅದನ್ನು ತೋರಿಸಿದರು. "ಆ ಕಾಗದಕ್ಕೆ ಬೆಂಕಿ ಹಾಕಿ!" ಎಂದು ಬಾಯಮ್ಮ ಕೂಗಿದರು. ಡಾಕ್ಟರು ಹೆದರಿ ಆಡಳಿತಾಧಿಕಾರಿಗೆ ಫೋನ್ ಮಾಡುತ್ತಾ ನಿಂತರು. ಶುಕ್ರವಾರ, ಅತ್ತ ಯಾರೂ ಎತ್ತಲಿಲ್ಲ. ಎರಡು ಬಾಟಲಿ ರಕ್ತ ಏರಿತು. ಕಾಕ ಚಳಿ ಚಳಿ ಎಂದರು. ಆಮೇಲೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ಹೆಂಡತಿಯ ಜೊತೆ ಮಾತಾಡುವ ಹಾಗೆ. ಎರಡು ನಲವತ್ತೈದಕ್ಕೆ ಹೋಗಿಬಿಟ್ಟರು. ಸರ್ಜನ್ ಬಂದಾಗ ಮೂರಕ್ಕೆ ಎರಡು ನಿಮಿಷ ಬಾಕಿ.

ಬಾಯಮ್ಮ ಅಳಲಿಲ್ಲ. ಸ್ಟೂಲಿನಲ್ಲಿ ಕೂತು ಕೈ ನೋಡಿಕೊಂಡು ರಫ್ ಬುಕ್ಕು ಬರೆದರು. ಆಮೇಲೆ ಅದೇನು ಹೊಳೆಯಿತೋ, ಕಪಾಟಿನಿಂದ ಫೇರ್ ರಿಜಿಸ್ಟರ್ ತೆಗೆದು ಹಿಂದಿನ ಪುಟಗಳನ್ನು ಓದಿದರು. ಮೊದಲ ಸಲ ಓದಿದರು. ಅರ್ಧ ಗಂಟೆಯ ಮೇಲೆ ರೆಕಾರ್ಡ್ ರೂಮಿಗೆ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟರು.

"ಇದು ಎಂತದು?"

"ಫೇರ್ ಕಾಪಿ ಬಾಯಮ್ಮ."

"ಟೈಮ್ ಯಾರದ್ದು?"

ನಾನು ರಿಜಿಸ್ಟರ್ ಮುಚ್ಚಿದೆ. ಅವರು ಹಳೇ ಫೈಲುಗಳ ಕಟ್ಟಿನ ಮೇಲೆ ಕುಸಿದು ಕೂತರು. "ಇದಿಲ್ಲದಿದ್ರೆ ಆ ಪೊಲೀಸ್ ನಮ್ಮ ಗೇಟ್ ದಾಟಿ ಸೀದಾ ಹೋಗ್ತಿದ್ದ. ಎರಡೂವರೆಗೆ ಕಾಕ ದೊಡ್ಡ ಆಸ್ಪತ್ರೆಯ ಟೇಬಲ್ ಮೇಲಿರ್ತಿದ್ರು" ಎಂದರು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. "ನಾನು ಓದ್ಲಿಲ್ಲ ಅಲ್ವಾ" ಎಂದಷ್ಟೇ ಹೇಳಿ ಎದ್ದರು.

ಮರುದಿನವೇ ರಫ್ ಬುಕ್ಕನ್ನೂ ಒಂದು ಪತ್ರವನ್ನೂ ಆರೋಗ್ಯ ಕಚೇರಿಗೆ ಅವರೇ ಒಯ್ದು ಕೊಟ್ಟರು. ಮಾನ್ಯತೆ ವಾಪಸ್ ತೆಗೆದುಕೊಳ್ಳಿ, ಇಲ್ಲಿ ಸರ್ಜನ್ ಇಲ್ಲ, ಗಾಯಾಳುಗಳನ್ನು ಇಲ್ಲಿಗೆ ತರಬೇಡಿ ಎಂದು ಬರೆದಿದ್ದರು. ಇಬ್ಬರು ಅಧಿಕಾರಿಗಳು ವಿಚಾರಣೆಗೆ ಬಂದರು. ಫೈಲು ಎತ್ತಿಕೊಡಲು ನಾನೂ ಆ ಕೋಣೆಯಲ್ಲಿದ್ದೆ. ಎರಡು ಪುಸ್ತಕಗಳ ಸಮಯ ಬೇರೆ ಬೇರೆ ಏಕೆ, ಫೇರ್ ಕಾಪಿ ಯಾರು ಬರೆದದ್ದು ಎಂದು ಕೇಳಿದರು. ಬಾಯಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸಹಿ ನನ್ನದು" ಎಂದರು. ಅಧಿಕಾರಿಗಳು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಾಯಿತು. ತಿಂಗಳೊಳಗೆ ತೀರ್ಮಾನ ಬಂತು. ತಪ್ಪು ಒಬ್ಬ ವ್ಯಕ್ತಿಯದು, ಆಕೆಯನ್ನು ಸೇವೆಯಿಂದ ಬಿಡಿಸಲಾಗಿದೆ, ಆಸ್ಪತ್ರೆಯ ಮಾನ್ಯತೆ ಮೂರು ವರ್ಷದ ನಂತರದ ಮುಂದಿನ ತಪಾಸಣೆಯವರೆಗೆ ಮುಂದುವರಿಯುತ್ತದೆ. ಹದಿನೇಳು ವರ್ಷ ದುಡಿದ ಹೆಂಗಸು ಎರಡು ಸೂಟ್‌ಕೇಸ್ ಹಿಡಿದು ಹೊರಟರು. ಟ್ಯಾಕ್ಸಿಯ ಹತ್ತಿರ ನಾನು ಅವರ ಕೈ ಹಿಡಿದು, "ನಾನು ಹೋಗಿ ಒಪ್ಕೊಳ್ತೀನಿ ಬಾಯಮ್ಮ, ಈಗಲೇ ಹೋಗ್ತೀನಿ" ಎಂದೆ.

"ಒಪ್ಪಿಕೊಂಡ್ರೆ ನಿನ್ನನ್ನೂ ಕಳಿಸ್ತಾರೆ, ಬೋರ್ಡ್ ಇಳಿಸುದಿಲ್ಲ" ಎಂದರು. "ನಂದು ಒಂದು ಹೊಟ್ಟೆ, ಹೇಗೋ ಆಗ್ತದೆ. ನಿಂಗೆ ಸಂಸಾರ ಉಂಟು. ನೀನು ಇಲ್ಲೇ ಇರು. ಮೂರು ವರ್ಷಕ್ಕೆ ತಂಡ ಬರ್ತದಲ್ಲ, ಆಗ ನಿಜ ಟೈಮ್ ಬರೆ. ಅಷ್ಟು ಮಾಡು ನಂಗೆ."

ಮಾಡ್ತೀನಿ ಎಂದು ಮಾತು ಕೊಟ್ಟೆ. ಅತ್ತುಬಿಟ್ಟೆ ಕೂಡ. ಅವರೇ ಬೆನ್ನು ತಟ್ಟಿ ಗಾಡಿ ಹತ್ತಿದರು.

ಆ ಮೂರು ವರ್ಷದಲ್ಲಿ ಎಷ್ಟು ಜನ ಕಾಕನ ಹಾಗೆ ಹೋದರು ಎಂದು ನನಗೆ ಗೊತ್ತು, ಅವರ ಸಾವಿನ ಚೀಟಿ ಬರೆದವನು ನಾನೇ. ತಪಾಸಣೆಯ ಪತ್ರ ಬಂತು. ಹೊಸ ಇನ್‌ಚಾರ್ಜ್ ಕೇರಳದ ಹೆಂಗಸು, ಮೆದು ಸ್ವಭಾವ. ಆಡಳಿತಾಧಿಕಾರಿ ಅದೇ ಮನುಷ್ಯ. ಕರೆಸಿ ಅದೇ ಮಾತು ಹೇಳಿದರು. ಮಗಳು ಆಗ ಒಂಬತ್ತನೇ ಕ್ಲಾಸು, ಮುಂದಿನ ವರ್ಷ ಬೋರ್ಡ್ ಪರೀಕ್ಷೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಫೋನ್ ಮಾಡಿದ್ದು ಹತ್ತು ಗಂಟೆ ಐದು ನಿಮಿಷಕ್ಕೆ. ಸರ್ಜನ್ ಬಂದದ್ದು ಹತ್ತು ಐವತ್ತೆರಡಕ್ಕೆ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಹತ್ತು ಹದಿನೆಂಟು ಎಂದು ಬರೆದೆ. ಮುಂದಿನ ಸಾಲುಗಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

ತಂಡ ಬಂದು ಹೋದ ವಾರದಲ್ಲಿ ಊರಿನಿಂದ ಬಾಯಮ್ಮನ ತಂಗಿಯ ಫೋನು. ಅಕ್ಕನಿಗೆ ಕ್ಯಾನ್ಸರ್, ಕೊನೆಯ ಹಂತ, ನಿಮ್ಮ ಹತ್ತಿರ ಮಾತಾಡಬೇಕಂತೆ ಎಂದರು. ಬಾಯಮ್ಮನ ದನಿ ಗುರುತೇ ಸಿಗಲಿಲ್ಲ, ಅಷ್ಟು ಸಣ್ಣಗಾಗಿತ್ತು.

"ತಂಡ ಬಂದಿತ್ತಾ?"

"ಬಂದಿತ್ತು ಬಾಯಮ್ಮ."

"ನಿಜ ಟೈಮ್ ಬರೆದಿಯಾ?"

"ಬರೆದೆ ಬಾಯಮ್ಮ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ದೇವರು ನಿನ್ನನ್ನು ಚೆನ್ನಾಗಿಡ್ಲಿ ಮಾರಾಯ. ಹಾಗಾದ್ರೆ ನಾನು ಕೆಲಸ ಕಳ್ಕೊಂಡು ಊರಿಗೆ ಬಂದದ್ದಕ್ಕೆ ಬೇಜಾರಿಲ್ಲ" ಎಂದರು. ಹನ್ನೆರಡನೇ ದಿನಕ್ಕೆ ತೀರಿಕೊಂಡರು.