ಗೃಹಪ್ರವೇಶದ ಕಾರ್ಡಿನ ಗ್ಯಾಸ್ಕೆಟ್

ತೀರಿಹೋದ ಅಪ್ಪನ ಹಳೇ ಅಂಬಾಸಿಡರ್, ಮಧುಗಿರಿಯಲ್ಲಿ ಅಣ್ಣ ಕಟ್ಟಿಸುತ್ತಿದ್ದ ಹೊಸ ಮನೆಯ ಪೋರ್ಟಿಕೋದಲ್ಲಿ ನಿಂತಿತ್ತು. ಇಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕಿ ಬಿಳಿ ಟೈಲ್ಸ್ ಮೇಲೆ ಅಂಗೈಯಗಲ ಕಲೆಯಾಯಿತು. ಅಷ್ಟಕ್ಕೇ ಅಣ್ಣ ಕಾರನ್ನು ಗುಜರಿಗೆ ಹಾಕಲು ಹೊರಟ. ನನಗೆ ಕೊಡು, ರಿಪೇರಿ ಮಾಡಿಕೊಳ್ಳುತ್ತೇನೆ ಅಂದೆ. ನಾನು ಶಿರಾದಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಗಾರೆಯವರು, ನೆಂಟರು ಎಲ್ಲರೆದುರು ಅವನು ನಕ್ಕ.

"ರವ್ಕೆ ಹೊಲ್ಯೋಳು ನೀನು, ಇಂಜಿನ್ ಹೊಲಿತೀಯಾ? ತಗೊಂಡೋಗು."

ಮೈಯೆಲ್ಲ ಉರಿದುಹೋಯಿತು. ನಿಂತ ನಿಲುವಿನಲ್ಲೇ ಕಾರನ್ನು ನನ್ನ ಹೆಸರಿಗೆ ಮಾಡುವ ಕಾಗದಪತ್ರಕ್ಕೆ ಅವನ ಸೈನ್ ಹಾಕಿಸಿಕೊಂಡು, ಕಾರನ್ನು ಶಿರಾಕ್ಕೆ ತಂದೆ. ಇದೇ ಟೈಲ್ಸ್ ಮೇಲೆ ಇದೇ ಕಾರು ನಿಲ್ಲಿಸಬೇಕು, ಒಂದು ತೊಟ್ಟೂ ಬೀಳಬಾರದು, ಇವನ ಬಾಯಿ ಮುಚ್ಚಿಸಬೇಕು. ಆಮೇಲೆ ನನಗೆ ಬೇರೆ ಧ್ಯಾನವೇ ಇರಲಿಲ್ಲ.

ನಮ್ಮ ಅಂಗಡಿ ಪಕ್ಕದ ಗ್ಯಾರೇಜ್ ಶೆಡ್ಡಿನ ಸಾಹೇಬರು ಹಳೇ ಇಂಜಿನ್ನುಗಳಲ್ಲಿ ಪಳಗಿದವರು. ನೀವು ಹೇಳಿಕೊಡಿ ಸಾಕು, ಕೈ ನನ್ನದೇ ಆಗಬೇಕು ಅಂತ ಹಠ ಹಿಡಿದೆ. ಇಲ್ಲದಿದ್ದರೆ ಅಣ್ಣ, ಇವಳದೇನಿದೆ ಅನ್ನುತ್ತಿದ್ದ. ಸೋರುತ್ತಿದ್ದುದು ಇಂಜಿನ್ನಿನ ಮುಂದಿನ ತಗಡಿನ ಮುಚ್ಚಳದಿಂದ. ಅದನ್ನು ಬಿಚ್ಚಿ ಡೀಸೆಲ್‌ನಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಸೋರದಂತೆ ಅಂಚಿಗೆ ಮೆತ್ತಿದ್ದ, ಈಗ ಕಲ್ಲಾಗಿದ್ದ ಹಳೇ ಪೇಸ್ಟನ್ನು ಬ್ಲೇಡಿನಿಂದ ಹೆರೆದೆ. ಉಗುರಿನ ಕಪ್ಪು ವಾರಗಟ್ಟಲೆ ಹೋಗಲಿಲ್ಲ, ರೇಷ್ಮೆ ಬಟ್ಟೆ ಹೊಲಿಯಲು ಕೊಡುವವರು ನನ್ನ ಕೈ ನೋಡಿ ಹಿಂದೆಮುಂದೆ ನೋಡುತ್ತಿದ್ದರು.

ಮುಚ್ಚಳಕ್ಕೂ ಇಂಜಿನ್ನಿಗೂ ನಡುವೆ ಎಣ್ಣೆ ತಡೆಯಲು ಕಾಗದದ ಗ್ಯಾಸ್ಕೆಟ್ ಬೇಕು. ಸಿಗದಿದ್ದರೆ ದಪ್ಪನೆಯ ಕಾರ್ಡಿನಲ್ಲಿ ಕತ್ತರಿಸಿಕೊಳ್ಳುವುದು ಮೆಕ್ಯಾನಿಕ್‌ಗಳ ಪದ್ಧತಿಯಂತೆ. ಅದೇ ಹೊತ್ತಿಗೆ ಅಣ್ಣನ ಗೃಹಪ್ರವೇಶದ ಕಾರ್ಡು ಬಂತು. ಕೆಳಗೆ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅವನ ಹೆಂಡತಿಯ ಚಿಕ್ಕಮ್ಮನ ಅಳಿಯನೂ ಇದ್ದ. ಒಡಹುಟ್ಟಿದ ನಾನಿರಲಿಲ್ಲ. ಕಾರ್ಡು ಮಾತ್ರ ಒಳ್ಳೇ ದಪ್ಪ. ಮುಚ್ಚಳವನ್ನು ಅದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕತ್ತರಿ ಹಾಕಿದೆ. ಅಬ್ಬಾ, ಎಂಥಾ ಸುಖ!

ಆ ಸಿಟ್ಟಿನಲ್ಲೇ ಬೋಲ್ಟುಗಳನ್ನು ಬಲವಾಗಿ ಬಿಗಿದೆ. ತಗಡು ಬಗ್ಗಿ ಕಾರ್ಡು ಹರಿಯಿತು, ಎಣ್ಣೆ ಮೊದಲಿಗಿಂತ ಜೋರಾಗಿ ಸುರಿಯಿತು. ಸಾಹೇಬರು ಮುಚ್ಚಳ ಬಿಚ್ಚಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಂಚು ಸಮ ಮಾಡಿಸಿದರು.

"ಗುಸ್ಸಾದಾಗೆ ಬೋಲ್ಟ್ ಕಟ್ಟಬ್ಯಾಡಿ ಅಕ್ಕಾ. ಬೆರಳಲ್ಲಿ ತಿರುಗಿಸಿ, ಆಮೇಲೆ ಎದುರುಬದುರು ಒಂದೊಂದೇ ಸುತ್ತು."

ಇನ್ನೊಂದು ಕಾರ್ಡು ಬೇಕಲ್ಲ. ಮಧುಗಿರಿಗೆ ಹೋಗಿ ಅಣ್ಣನನ್ನೇ ಕೇಳಿದೆ. ನಾನು ಶಿರಾದಲ್ಲಿ ಹಂಚುತ್ತೇನೆಂದುಕೊಂಡು ಖುಷಿಯಾಗಿ ಐದು ಕೊಟ್ಟ, ನಿನ್ನ ಹೆಸರು ಹಾಕಿಸೋದು ಮರೆತೇ ಹೋಯಿತು ಅಂತ ಹಲ್ಲು ಬಿಟ್ಟ. ಪರವಾಗಿಲ್ಲ ಅಂತ ನಾನೂ ಹಲ್ಲು ಬಿಟ್ಟೆ. ಐದನ್ನೂ ಕತ್ತರಿಸಿದೆ, ಚೆನ್ನಾಗಿ ಬಂದದ್ದನ್ನು ಆರಿಸಿ, ಎರಡೂ ಕಡೆ ತೆಳ್ಳಗೆ ಪೇಸ್ಟ್ ಸವರಿ ಕೂರಿಸಿದೆ. ಈ ಸಲ ಕೈ ತಣ್ಣಗಿತ್ತು.

ಗೃಹಪ್ರವೇಶದ ದಿನ ಬೆಳಿಗ್ಗೆ ಕಾರನ್ನು ನಾನೇ ಓಡಿಸಿಕೊಂಡು ಹೋಗಿ ನೇರ ಪೋರ್ಟಿಕೋದೊಳಗೆ ನಿಲ್ಲಿಸಿದೆ. ಅಣ್ಣನ ಮುಖ ಹುಳ್ಳಗಾಯಿತು. ತುಂಬಿದ ಮನೆ, ತೆಗಿ ಅನ್ನಲಾರ. ಮೂರು ಪಂಕ್ತಿ ಊಟ ಮುಗಿಯುವವರೆಗೂ ಬಡಿಸುವುದು ಬಿಟ್ಟು ನಾಲ್ಕು ಸಲ ಬಂದು ಬಗ್ಗಿ ನೋಡಿದ. ನಾನೂ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆದ್ದು ಒಂದು ಸಲ ಬಗ್ಗಿ ನೋಡಿದೆ. ಕೊನೆಗೆ ಅವನು ರೇಷ್ಮೆ ಪಂಚೆ ಮೇಲೆತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು, ಕಾರಿನಡಿ ಕೈ ಹಾಕಿ ಟೈಲ್ಸ್ ಸವರಿದ. ಕೈ ನೋಡಿಕೊಂಡ. ಒಣಗಿತ್ತು. ನೆಂಟರೆಲ್ಲ ಸುತ್ತ ನಿಂತಿದ್ದರು.

ಎದ್ದು ಬಾನೆಟ್ ಮೇಲೆ ಕೈಯಿಟ್ಟ.

"ಅಪ್ಪನ ಕಾರು. ಇಲ್ಲೇ ಇರ್ಲಿ ಬುಡಮ್ಮ, ಮನೆಗೊಂದು ಲಕ್ಷಣ."

"ಅಪ್ಪಂದಲ್ಲ ಕಣಣ್ಣ, ನಂದು. ಪಕ್ಕಕ್ಕೆ ಸರಿ, ರಿವರ್ಸ್ ತಗೋಬೇಕು."

ಅವನು ಸರಿದ.