ಕ್ಯಾಮೆರಾ ಡಬ್ಬಿಯೊಳಗಿನ ಕುಂಕುಮ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದವನು ನಾನು. ನಮ್ಮ ಮನೆಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಅಜ್ಜಿಯ ತಂಗಿಯೊಬ್ಬಳು ಹುಣಿಸೆ ಮರದ ಕೆಳಗೆ ತಾನು ಕಂಡದ್ದನ್ನು ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದಳು. ಹೋದ ಸಲದ ಕಥೆಗೂ ಈ ಸಲದ ಕಥೆಗೂ ಎಲ್ಲಿ ತಾಳೆ ಬೀಳುತ್ತಿಲ್ಲ ಎಂದು ಎತ್ತಿ ತೋರಿಸಿ ನಾನು ಬೈಸಿಕೊಳ್ಳುತ್ತಿದ್ದೆ. ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು ಅನ್ನ ಸಂಪಾದಿಸುವವನ ಬುದ್ಧಿ ಹಾಗೇ ಇರುತ್ತದೆ, ಅಳತೆಗೆ ಸಿಗದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈಗ ನಂಬಿಕೆ ಬಂದಿದೆ ಎಂದು ಹೇಳಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ನಾನೇ ಮುಚ್ಚಿ ನಾನೇ ತೆರೆದ ಒಂದು ಡಬ್ಬಿಯೊಳಗೆ ಏನು ನಡೆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಆದ ಹಾಗೆ ಹೇಳಿಬಿಡುತ್ತೇನೆ.

ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಫ್ಯಾಕ್ಟರಿಗಳಿಗೆ ಬುಷ್, ಪಿನ್ನಿನಂಥ ಬಿಡಿಭಾಗ ಮಾಡಿಕೊಡುವುದು ಹೊಟ್ಟೆಪಾಡು. ಮನಸ್ಸಿಗೆ ಹಿಡಿಸುವ ಕೆಲಸ ತರುತ್ತಿದ್ದವನು ಮುನಿಕೃಷ್ಣ. ಅವನು ಬೋರ್‌ವೆಲ್ ಕ್ಯಾಮೆರಾದವನು. ಎಲ್ಲಾದರೂ ಬೋರ್‌ವೆಲ್ಲಿನಲ್ಲಿ ಮೋಟಾರು ಸಿಕ್ಕಿಕೊಂಡರೆ ಕೇಬಲ್ ಕಟ್ಟಿದ ಕ್ಯಾಮೆರಾ ಇಳಿಬಿಟ್ಟು, ಮೇಲೆ ಸಣ್ಣ ಟಿ.ವಿ.ಯಲ್ಲಿ ನೋಡಿ, ಇಂಥ ಕಡೆ ಸಿಕ್ಕಿದೆ ಎಂದು ಹೇಳುತ್ತಿದ್ದ. ತೆರೆದ ಬಾವಿಗಳಿಗೆ, ನೀರು ನಿಂತ ಕಲ್ಲು ಕ್ವಾರಿಗಳಿಗೆ ಎಂದು ದೀಪವಿರುವ ಇನ್ನೊಂದು ದೊಡ್ಡ ಕ್ಯಾಮೆರಾ ಇಟ್ಟಿದ್ದ. ಅದು ನೀರಿಗೆ ಇಳಿಯಲು ಬೇಕಾದ ಸ್ಟೀಲ್ ಡಬ್ಬಿಯನ್ನು ಮಾಡಿಕೊಟ್ಟವನು ನಾನು. ಮುಂದುಗಡೆ ಗಾಜಿನಂಥ ದಪ್ಪ ಪ್ಲಾಸ್ಟಿಕ್ ಹಲಗೆ, ಅದರ ಹಿಂದೆ ಕಾಡಿಯಲ್ಲಿ, ಅಂದರೆ ಕೊರೆದ ಸಣ್ಣ ತೋಡಿನಲ್ಲಿ ಕೂರುವ ರಬ್ಬರ್ ರಿಂಗ್, ಸುತ್ತಲೂ ಸ್ಕ್ರೂ. ರಿಂಗ್ ಸರಿಯಾಗಿ ಕೂತರೆ ನೀರು ಒಳಗೆ ಹೋಗದು. ರಿಂಗಿನ ಕೆಳಗೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ಕ್ಯಾಮೆರಾ ಕಥೆ ಮುಗಿಯಿತು.

ಡಬ್ಬಿ ಸೋರುತ್ತದೋ ಇಲ್ಲವೋ ಎಂದು ನೋಡಲು ನಾನು ಗಾಳಿ ತುಂಬಿಸಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ಕಾಯುತ್ತಿದ್ದೆ. ಮುನಿಕೃಷ್ಣನಿಗೆ ಅದು ಸಾಲದು. ಅವನದೇ ಒಂದು ಪದ್ಧತಿಯಿತ್ತು. ಒಂದು ಬಿಳಿ ಕಾಗದದ ತುಂಡಿಗೆ ಹೆಂಡತಿಯ ಭರಣಿಯಿಂದ ತಂದ ಕುಂಕುಮವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ತಿಕ್ಕಿ, ಅದನ್ನು ಡಬ್ಬಿಯ ತಳಕ್ಕೆ ಇಟ್ಟು ಮುಚ್ಚುತ್ತಿದ್ದ. ಒಳಗೆ ಒಂದು ಹನಿ ಸೇರಿದರೂ ಕುಂಕುಮ ಹರಡಿ ಕಾಗದವೆಲ್ಲ ಕೆಂಪಾಗುತ್ತಿತ್ತು.

“ನಿನ್ನ ಗೇಜು ಗೀಜು ಎಲ್ಲಾ ಅತ್ಲಾಗೆ ಮಡಗಪ್ಪ. ನಮ್ಮ ಸರೋಜನ ಕುಂಕುಮ ಸುಳ್ಳು ಯೋಳಾಕಿಲ್ಲ” ಎಂದು ನನ್ನನ್ನು ರೇಗಿಸುತ್ತಿದ್ದ. ಕೆಲಸಕ್ಕೆ ಇಳಿಸುವಾಗಲೂ ಕ್ಯಾಮೆರಾದ ಕೆಳಗೆ ಅಂಥದೊಂದು ಕಾಗದ ಇದ್ದೇ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಕೃಷ್ಣಗಿರಿ ಕಡೆಯ ಒಂದು ಹಳೆಯ ಕ್ವಾರಿಗೆ ಅವನನ್ನು ಕರೆದರು. ಅಲ್ಲಿ ನಿಂತ ನೀರನ್ನು ಹೊಲಗಳಿಗೆ ಎತ್ತುತ್ತಿದ್ದ ಮೋಟಾರು ಹಗ್ಗ ಕಿತ್ತುಕೊಂಡು ಮುಳುಗಿಹೋಗಿತ್ತು. ಕ್ಯಾಮೆರಾ ಇಳಿಸುವಾಗ ಡಬ್ಬಿ ಬಂಡೆಗೆ ಬಡಿದು ಮುಂದಿನ ಹಲಗೆ ಬಿರುಕು ಬಿಟ್ಟಿತು, ಬಾಯಿಯ ಅಂಚು ನೆಗ್ಗಿತು. ತಕ್ಷಣ ಮೇಲೆಳೆದದ್ದರಿಂದ ಕ್ಯಾಮೆರಾ ಉಳಿಯಿತು. ಮುನಿಕೃಷ್ಣ ಒಳ್ಳೆಯ ಈಜುಗಾರ. ಡಬ್ಬಿಯನ್ನು ದಡದಲ್ಲಿಟ್ಟು ತಾನೇ ಇಳಿದ. ಒಂದು ಸಲ ಮೇಲೆ ಬಂದು, ಮೋಟಾರು ಕಾಲಿಗೆ ಸಿಕ್ಕಿತು ಎಂದನಂತೆ. ಇನ್ನೊಂದು ಸಲ ಮುಳುಗಿದವನು ಬರಲಿಲ್ಲ. ದಡದಲ್ಲಿದ್ದವನು ಅವನ ಹೆಂಡತಿಯ ತಮ್ಮ ಸೀನ. ಫೈರ್ ಸರ್ವಿಸ್‌ನವರು ಬಂದು, ಪಾಪ, ತಮ್ಮಿಂದಾದಷ್ಟು ಹುಡುಕಿದರು. ಆಳ ಹೆಚ್ಚು, ಒಳಗೆ ಬಂಡೆಗಳ ಸಂದು, ಕೆಳಗೆ ಏನೂ ಕಾಣದು. ಹೆಣ ತೇಲಬೇಕಾದ ದಿನಗಳೂ ಕಳೆದುಹೋದವು.

ಒಂದು ಬೆಳಿಗ್ಗೆ ಸರೋಜ ನನ್ನ ವರ್ಕ್‌ಶಾಪಿಗೆ ಬಂದಳು. ಜೊತೆಗೆ ಸೀನ, ಅವನ ಕೈಯಲ್ಲಿ ಆ ಡಬ್ಬಿ. ನಾನು ಅವಳ ಮುಖ ನೋಡಲಾರದೆ ಡಬ್ಬಿಯನ್ನೇ ನೋಡಿದೆ. ಅವಳು ಅಳುತ್ತಿರಲಿಲ್ಲ.

“ಇದುನ್ನ ಸರಿ ಮಾಡ್ಕೊಡು ಅಣ್ಣ. ಬ್ಯಾರೆ ಕ್ಯಾಮೆರಾದೋರ್ನೆಲ್ಲ ಕೇಳಿದ್ವಿ, ಅವ್ರ ಕ್ಯಾಮೆರಾದಾಗೆ ಅಷ್ಟು ಅಗಲ ನೀರ್ನಾಗೆ ಏನೂ ಕಾಣಾಕಿಲ್ವಂತೆ” ಎಂದಳು.

ಇನ್ನೊಂದೆರಡು ದಿನ ಕಾದು ನೋಡಬಾರದೇ ಎಂದು ನಾನು ಅಂದೆ. ಅದು ಬಾಯಿಗೆ ಬಂದ ಮಾತು, ಅದರಲ್ಲಿ ಅರ್ಥವಿರಲಿಲ್ಲ.

“ಎಷ್ಟು ಕಾಯಾನ? ಯಾರೋ ಜೂಜುವಾಡಿ ಚೆಕ್‌ಪೋಸ್ಟ್‌ತಾವ ಅವ್ರು ಲಾರಿ ಹತ್ತಿದ್ದು ಕಂಡೆ ಅಂದ್ರಂತೆ. ಅದುನ್ನ ನಂಬ್ಕೊಂಡು ನಮ್ಮತ್ತೆ ದಿನಾ ಅವ್ರ ತಟ್ಟೆಗೆ ಮುದ್ದೆ ಇಕ್ಕಿ ಕಾಯ್ತವ್ರೆ. ಈ ಕಡೆ ನಮ್ಮ ದೊಡ್ಡಮ್ಮನೋರು ನನ್ನ ಬಳೆ ಯಾವತ್ತು ಒಡೀಬೇಕು, ಕುಂಕುಮ ಯಾರು ಅಳಿಸ್ಬೇಕು ಅಂತ ಮಾತಾಡ್ಕೊತವ್ರೆ. ನಾನು ಯಾರ ಮಾತು ಕೇಳ್ಲಿ? ಅವ್ರು ಆ ನೀರ್ನಾಗವ್ರೋ ಇಲ್ವೋ, ಅಷ್ಟು ನನ್ನ ಕಣ್ಣಾರ ನೋಡ್ಬೇಕು.”

ಅವಳ ಹಣೆಯಲ್ಲಿ ಕುಂಕುಮ ದೊಡ್ಡದಾಗಿತ್ತು. ಗಂಡ ಸತ್ತವಳೋ ಅಲ್ಲವೋ ತಿಳಿಯದೆ ಬೆಳಗಾದರೆ ಅದನ್ನು ಇಟ್ಟುಕೊಳ್ಳುವುದು ಎಂಥ ಸಂಕಟ ಎಂದು ನನಗೆ ಆಗಲೇ ಹೊಳೆದದ್ದು. ಕೈಯಲ್ಲಿದ್ದ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕೆ ತಳ್ಳಿದೆ.

ನೆಗ್ಗಿದ ಅಂಚನ್ನು ಬಡಿದು ಸರಿ ಮಾಡಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ನೀರನ್ನು ತಡೆಯುವುದಿಲ್ಲ. ಡಬ್ಬಿಯನ್ನು ಲೇತಿಗೆ ಕಟ್ಟಿ ಬಾಯಿಯನ್ನು ತೆಳುವಾಗಿ ಸವರಿ, ರಿಂಗ್ ಕೂರುವ ಕಾಡಿಯನ್ನು ಹೊಸದಾಗಿ ಕೊರೆದೆ. ದಪ್ಪ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಕೂರಿಸಿದೆ. ಹೊಸ ರಿಂಗಿಗೆ ಗ್ರೀಸ್ ಸವರಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿದೆ. ಪರೀಕ್ಷೆಗೆಂದು ಬರೀ ಕಾಗದ ಹಾಕಲು ಹೋದಾಗ ಸರೋಜ ತಡೆದಳು.

“ಅವ್ರು ಮಾಡ್ದಂಗೇ ಮಾಡು ಅಣ್ಣ” ಎಂದಳು. ಭರಣಿ ತಂದಿರಲಿಲ್ಲ. ತನ್ನ ಹಣೆಯಿಂದಲೇ ಹೆಬ್ಬೆರಳಿಗೆ ಕುಂಕುಮ ತೆಗೆದು ಕಾಗದಕ್ಕೆ ಒತ್ತಿ ತಿಕ್ಕಿದಳು.

ಆ ಸಲ ಡಬ್ಬಿ ಸೋರಿತು. ಒಂದು ಕಡೆ ಬಾಯಿ ಇನ್ನೂ ಸಮವಾಗಿರಲಿಲ್ಲ. ತೆರೆದು ನೋಡಿದರೆ ಕಾಗದವೆಲ್ಲ ಕೆಂಪು. ಸೀನ ಎದ್ದು ಹೊರಗೆ ಹೋಗಿಬಿಟ್ಟ. ಡಬ್ಬಿಯನ್ನು ಮತ್ತೆ ಲೇತಿಗೆ ಕಟ್ಟಿದೆ. ನಾನು ಹೆದರಿದ್ದು ಶಕುನಕ್ಕಲ್ಲ. ಇನ್ನೊಂದು ಸಲ ಹೆಚ್ಚು ಸವರಿದರೆ ಅಂಚು ತೆಳುವಾಗಿ ಡಬ್ಬಿಯೇ ಕೆಲಸಕ್ಕೆ ಬಾರದಂತಾಗುತ್ತಿತ್ತು, ಅವಳಿಗೆ ಬೇರೆ ದಾರಿಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಬಿಗಿಯಾಯಿತು. ಗೋಡೆಯ ಕ್ಯಾಲೆಂಡರಿನಿಂದ ಹಳೆಯ ಹಾಳೆಯೊಂದನ್ನು ಹರಿದು ಅದರ ತುಂಡು ಕೊಟ್ಟಿದ್ದೆ. ಬಿಳಿಯ ಮಗ್ಗುಲಿಗೆ ಅವಳು ಮತ್ತೆ ಹಣೆಯ ಕುಂಕುಮವನ್ನೇ ತಿಕ್ಕಿದ್ದಳು. ಬಹಳ ಹೊತ್ತು ನೀರಿನಲ್ಲಿಟ್ಟು ತೆರೆದಾಗ ಕುಂಕುಮ ಅವಳು ಒತ್ತಿದ ಹಾಗೆಯೇ ಇತ್ತು, ಹೆಬ್ಬೆರಳಿನ ಗೆರೆ ಕೂಡ ಕಾಣುತ್ತಿತ್ತು. ಅದೇ ಕಾಗದದ ಮೇಲೆ ಕ್ಯಾಮೆರಾ ಕೂರಿಸಿ, ಮುಚ್ಚಿ, ಸ್ಕ್ರೂ ಬಿಗಿದೆ. ಕ್ವಾರಿಗೆ ಹೋಗುವಾಗ ಟೆಂಪೋದಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಬೇರೆ ಯಾರೂ ಅದರ ಸ್ಕ್ರೂಗಳನ್ನು ಮುಟ್ಟಲಿಲ್ಲ. ಈ ಮಾತನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದು ಮುಂದೆ ನಿಮಗೇ ತಿಳಿಯುತ್ತದೆ.

ಕ್ವಾರಿಯ ದಡದಲ್ಲಿ ನೆಂಟರು ಸೇರಿದ್ದರು. ಸರೋಜಳ ದೊಡ್ಡಮ್ಮನೂ ಬಂದಿದ್ದರು. ಲಾರಿ ಟ್ಯೂಬುಗಳಿಗೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಸೀನ ಕೂತು ಡಬ್ಬಿ ಇಳಿಸಿದ. ನಾನು ದಡದಲ್ಲಿ ಕೇಬಲ್ ಹಿಡಿದಿದ್ದೆ, ಸರೋಜ ಟಿ.ವಿ. ಮುಂದೆ ಕೂತಿದ್ದಳು. ಮೊದಲು ಹಸಿರು ನೀರು, ತೇಲುವ ಕೆಸರು, ಆಮೇಲೆ ಕೊಯ್ದ ಕಲ್ಲಿನ ಗೋಡೆ. ಬಹಳ ಹೊತ್ತು ಅದೇ. ಸೀನ ತೆಪ್ಪವನ್ನು ಇನ್ನೊಂದು ಕಡೆಗೆ ತಳ್ಳಿದಾಗ ಮೋಟಾರು ಕಂಡಿತು. ಅದರ ವೈರು ಬಂಡೆಯ ಸಂದಿಗೆ ಹೋಗಿತ್ತು. ವೈರು ಹೋದ ಕಡೆಗೆ ಕ್ಯಾಮೆರಾ ತಿರುಗಿದಾಗ ನೀಲಿ ಗೆರೆಯ ಅಂಗಿಯ ತೋಳು ಕಂಡಿತು. ಅದು ನೀರಿನೊಂದಿಗೆ ಮೆಲ್ಲಗೆ ಆಡುತ್ತಿತ್ತು.

“ಅವ್ರೇ” ಎಂದಳು ಸರೋಜ.

ಫೈರ್ ಸರ್ವಿಸ್‌ನವರು ಮತ್ತೆ ಬಂದು, ಟಿ.ವಿ.ಯಲ್ಲಿ ಕಂಡ ಜಾಗಕ್ಕೆ ಇಳಿದು, ಸಂಜೆಯ ಬೆಳಕು ಇರುವಾಗಲೇ ಅವನನ್ನು ಮೇಲೆ ತಂದರು. ವೈರು ಕಾಲಿಗೆ ಸುತ್ತಿಕೊಂಡಿತ್ತು. ಗೆಳೆಯನನ್ನು ಆ ಸ್ಥಿತಿಯಲ್ಲಿ ನೋಡಿದ ಮೇಲೆ ನಾನು ಅತ್ತ ಹೋಗಲಾರದೆ, ಕೈಗೆ ಏನಾದರೂ ಕೆಲಸ ಬೇಕೆಂದು ಡಬ್ಬಿಯ ಮುಂದೆ ಕೂತೆ. ಹೊರಗಿನ ನೀರೆಲ್ಲ ಒರೆಸಿ, ಸ್ಕ್ರೂ ಬಿಚ್ಚಿ, ಕ್ಯಾಮೆರಾ ಎತ್ತಿದೆ. ಒಳಗೆ ಒಂದು ಹನಿ ನೀರಿರಲಿಲ್ಲ. ಕಾಗದವೂ ಇತ್ತು, ಗರಿಗರಿಯಾಗಿ ಒಣಗಿತ್ತು. ಅದರ ಮೇಲೆ ಕುಂಕುಮವಿರಲಿಲ್ಲ.

ಮೊದಲು ನಾನು ತಿರುವುಮುರುವಾಗಿ ನೋಡುತ್ತಿದ್ದೇನೆ ಅಂದುಕೊಂಡೆ. ತಿರುಗಿಸಿದರೆ ಆ ಕಡೆ ಕ್ಯಾಲೆಂಡರಿನ ಅಂಕಿಗಳು. ಅದೇ ತುಂಡು, ನಾನು ಹರಿದ ಓರೆ ಅಂಚು ಕೂಡ ಅದೇ. ಬಿಳಿಯ ಮಗ್ಗುಲು ಮಾತ್ರ ಖಾಲಿ. ತಿಕ್ಕಿದ ಕುಂಕುಮ ಉದುರಿದರೂ ಕಾಗದದಲ್ಲಿ ಕಲೆ ಉಳಿಯುತ್ತದೆ, ಅದೂ ಇರಲಿಲ್ಲ. ಡಬ್ಬಿಯೊಳಗೆ, ಕ್ಯಾಮೆರಾದ ಅಡಿಗೆ, ರಿಂಗಿನ ಕಾಡಿಯಲ್ಲಿ ನನ್ನ ಬಿಳಿ ಕರವಸ್ತ್ರದಿಂದ ಒರೆಸಿ ನೋಡಿದೆ. ವಸ್ತ್ರ ಬಿಳಿಯಾಗಿಯೇ ಹೊರಬಂತು. ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದೆ.

ಸರೋಜ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ ಗೊತ್ತಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ದೊಡ್ಡಮ್ಮ ಇನ್ನಿಬ್ಬರು ಹೆಂಗಸರೊಂದಿಗೆ ಬಂದು, “ಬಾರವ್ವ, ಆಗ್ಬೇಕಾದ್ದು ಆಗ್ಲೇಬೇಕು” ಎಂದು ಅವಳ ತೋಳು ಹಿಡಿದರು. ಕಟ್ಟುನಿಟ್ಟಿನ ಹೆಂಗಸು ಆಕೆ. ಎಷ್ಟೋ ಹೆಣ್ಣುಮಕ್ಕಳ ಹಣೆ ಒರೆಸಿದ ಕೈ ಅದು. ಸರೋಜ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

“ಬ್ಯಾಡ ದೊಡ್ಡಮ್ಮ. ಇನ್ನೊಬ್ರ ಕೈಯಾಗೆ ಅಳಿಸ್ಕೊಳ್ಳಾದು ಬ್ಯಾಡಾಂತ ಅವ್ರೇ ತಗೊಂಡೋಗವ್ರೆ. ನೋಡು.”

ಕಾಗದವನ್ನು ಅವರ ಮುಂದೆ ಹಿಡಿದಳು. ದೊಡ್ಡಮ್ಮನಿಗೆ ಏನು ಅರ್ಥವಾಯಿತೋ, ನನ್ನ ಮುಖ ನೋಡಿದರು. ನಾನು ಒಳಗೆ ಕುಂಕುಮ ಇತ್ತು ಎಂದಷ್ಟೇ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದರು. ಅವಳ ಹಣೆಯನ್ನು ಯಾರೂ ಮುಟ್ಟಲಿಲ್ಲ, ಬಳೆಯನ್ನು ಯಾರೂ ಒಡೆಯಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಅವಳಾಗಿಯೇ ಮುಖ ತೊಳೆದಳು. ಆಮೇಲೆ ಕುಂಕುಮ ಇಡಲಿಲ್ಲ. ಅತ್ತೆ ಮಗನಿಗೆ ತಟ್ಟೆ ಇಡುವುದೂ ಅಂದಿಗೆ ನಿಂತಿತು ಎಂದು ಸೀನ ಹೇಳಿದ.

ನಾನು ಸುಮ್ಮನೆ ಕೂರುವವನಲ್ಲ. ಬಿಸಿಲಿಗೆ ಹೀಗಾಯಿತೇ, ಗ್ರೀಸ್ ಹೀರಿತೇ, ಕ್ಯಾಮೆರಾ ಉಜ್ಜಿ ಅಳಿಸಿತೇ ಎಂದು ಅದೇ ಥರದ ಡಬ್ಬಿ, ಅದೇ ಕ್ಯಾಲೆಂಡರಿನ ಹಾಳೆ, ಅಂಗಡಿಯಿಂದ ತಂದ ಕುಂಕುಮ ಇಟ್ಟು ಎಷ್ಟೋ ಸಲ ನೋಡಿದೆ. ಬಚ್ಚಲಿನ ಬಾಯ್ಲರ್ ಪಕ್ಕ ಇಟ್ಟೆ, ಅಲುಗಾಡಿಸಿದೆ, ಡ್ರಮ್ಮಿನಲ್ಲಿ ಬಿಟ್ಟೆ. ಪ್ರತಿ ಸಲವೂ ಕುಂಕುಮ ನನ್ನನ್ನು ನೋಡುತ್ತಾ ಅಲ್ಲೇ ಇರುತ್ತಿತ್ತು. ಕೊನೆಗೆ ನನ್ನ ಹೆಂಡತಿ, ಹೋದವರ ವಿಷಯ ಕೆದಕಬೇಡಿ ಎಂದು ಬೇಡಿಕೊಂಡಳು. ಬಿಟ್ಟೆ.

ಈಗ ಆ ಕ್ಯಾಮೆರಾ ಕೆಲಸವನ್ನು ಸರೋಜ ಮತ್ತು ಸೀನ ನೋಡಿಕೊಳ್ಳುತ್ತಾರೆ. ರಿಂಗ್ ಹಳತಾದಾಗ ಡಬ್ಬಿಯನ್ನು ನನ್ನ ಹತ್ತಿರವೇ ತರುತ್ತಾಳೆ. ಬರೀ ಬಿಳಿ ಕಾಗದ ಇಟ್ಟು ಪರೀಕ್ಷೆ ಮಾಡಿ ಕೊಡುತ್ತೇನೆ. ಆ ದಿನದ ಮಾತನ್ನು ನಾವು ಯಾವತ್ತೂ ಎತ್ತಿರಲಿಲ್ಲ. ಹೋದ ಸಲ ಬಂದಾಗ, ನಾನು ಸ್ಕ್ರೂ ಬಿಗಿಯುತ್ತಿರುವಾಗ ಅವಳೇ ಕೇಳಿದಳು.

“ಬ್ಯಾಸರ ಮಾಡ್ಕೋಬ್ಯಾಡ ಅಣ್ಣ. ಆವತ್ತು ನನ್ನ ನೋಡಕಾಗ್ದೆ ನೀನೇ ಏನಾರ ಒರೆಸ್ಬುಟ್ಯಾ? ಹಂಗಿದ್ರೂ ಯೋಳ್ಬುಡು. ನಿನ್ನ ಋಣ ಅಂದ್ಕೊಂತೀನಿ.”

ಇಷ್ಟು ವರ್ಷ ಅವಳು ಈ ಅನುಮಾನವನ್ನು ಒಳಗೇ ಇಟ್ಟುಕೊಂಡು ತಿರುಗಿದ್ದಳು ಎಂದು ಆಗ ತಿಳಿಯಿತು. ಸ್ಪ್ಯಾನರ್ ಕೆಳಗಿಟ್ಟೆ.

“ಇಲ್ಲ ತಾಯಿ. ನಾನು ಒರೆಸ್ಲಿಲ್ಲ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಲ್ಲೇ ಡ್ರಮ್ಮಿನ ಪಕ್ಕ ಕುಸಿದು ಕೂತು ಅಳತೊಡಗಿದಳು. ಮುನಿಕೃಷ್ಣ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೀನ ಒಳಗೆ ಬರಲು ಹೋದವನು ಬಾಗಿಲಲ್ಲೇ ನಿಂತ. ಒಂದು ಲೋಟ ನೀರು ಕೊಟ್ಟು ನಾನೂ ಪಕ್ಕದಲ್ಲಿ ಕೂತೆ. ಕುಂಕುಮ ಹಾಗಾದರೆ ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನನಗೆ ತಿಳಿಯದು.