ದಲ್ಲಾಳಿ ಹಣಮಂತ್ರಾಯ ಮಗಳಿಗೆ ಡಿಗ್ರಿ ಹುಡುಕಿದ್ದು

ಕೆಂಭಾವಿಯ ದನದ ಸಂತೆಯಲ್ಲಿ ಹಣಮಂತ್ರಾಯ ದಲ್ಲಾಳಿ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು, ಹೆಗಲ ಮೇಲಿನ ವಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ಎತ್ತಿನ ರೇಟು ಕುದುರಿಸುವುದು ಅವನ ಕೆಲಸ. ಬಾಯಿಬಿಟ್ಟು ಹೇಳಿದರೆ ಸಂತೆಗೆಲ್ಲ ಕೇಳುತ್ತದೆ, ಬೆರಳು ಒತ್ತಿದರೆ ಒತ್ತಿಸಿಕೊಂಡವನಿಗಷ್ಟೇ ಗೊತ್ತು. ಕೆನಾಲ್ ನೀರು ಬಂದ ಮೇಲೆ ಹೊಲಗಳು ಗದ್ದೆಗಳಾದವು, ಗದ್ದೆಗೆ ಟ್ರ್ಯಾಕ್ಟರ್ ಇಳಿದವು, ಎತ್ತು ಕೇಳುವವರು ಕಡಿಮೆಯಾದರು. ಹಣಮಂತ್ರಾಯ ಆಡು ಕುರಿಗೂ ಕೈಹಾಕಿದ. ಆದರೆ ಯಾರಾದರೂ ‘ಕುರಿ ದಲ್ಲಾಳಿ’ ಎಂದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಮಗಳು ಮೌನಮ್ಮ ಶಹಾಪುರದಲ್ಲಿ ಪಿಯುಸಿ ಕಾಮರ್ಸ್ ಮುಗಿಸಿದಳು. ರಿಸಲ್ಟ್ ಬಂದ ದಿನ, ರೊಟ್ಟಿ ಬಡಿಯುತ್ತಿದ್ದ ತಾಯಿ ಬಾಲಮ್ಮನ ಮುಂದೆ ಕೂತು ಹೇಳಿದಳು:

"ಯವ್ವಾ, ನಾ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗ್ತೀನಿ."

"ಬ್ಯಾಂಕಿನ್ಯಾಗ ಕ್ಯಾಷಿಯರ್ ಏನು?"

"ಅಲ್ಲಬೇ. ಒಂದು ಕಂಪನಿ ಇನ್ನೊಂದು ಕಂಪನಿ ಕೊಳ್ಳಾಕ ಹೋದಾಗ ನಡುವ ನಿಂತು ವ್ಯವಹಾರ ಕುದುರಸೋರು."

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಹಣಮಂತ್ರಾಯ ಉಗುಳಿ ಒಳಗೆ ಬಂದ. "ನಡುವ ನಿಂತು ಅಂದಿ?"

"ಹೌದಪ್ಪಾ."

"ಕಮಿಷನ್ ಎರಡೂ ಕಡೀದ?"

"ಇಲ್ಲ, ಒಂದ ಕಡೀದು."

"ಹಂಗಾರ ಸಣ್ಣ ದಲ್ಲಾಳಿ," ಅಂದ. ಆದರೆ ಅವನ ಮುಖ ಅರಳಿತ್ತು. ಮನೆತನದ ಕಸುಬು ಮುಳುಗಿತು ಅಂದುಕೊಂಡಿದ್ದ, ಮಗಳು ಎತ್ತು ಬಿಟ್ಟು ಕಂಪನಿಗೇ ಕೈಹಾಕುತ್ತಾಳಂತೆ.

ತೊಡಕು ಒಂದೇ. ಇದಕ್ಕೆ ಯಾವ ಡಿಗ್ರಿ ಓದಬೇಕು, ಯಾವ ಯುನಿವರ್ಸಿಟಿಯಲ್ಲಿ? ಒಬ್ಬ ಲೆಕ್ಚರರ್ ಬಿ.ಕಾಂ. ಅಂದರು, ಇನ್ನೊಬ್ಬರು ಬೆಂಗಳೂರಿಗೆ ಹೋಗಿ ಬಿ.ಬಿ.ಎಂ. ಮಾಡು ಅಂದರು. ಸುರಪುರದ ಇಂಟರ್‌ನೆಟ್ ಅಂಗಡಿಯವನು, ಲಂಡನ್ ಬಿಟ್ಟರೆ ಬೇರೆಲ್ಲ ದಂಡ ಅಂದ.

"ಎತ್ತು ಎಂಥದಂತ ಮಾರಾವನ್ನ ಕೇಳಬಾರದು," ಅಂದ ಹಣಮಂತ್ರಾಯ. "ಕೊಂಡು ಹೂಡಿದಾವನ್ನ ಕೇಳಬೇಕು. ಇಂಥಾ ಮಂದೀನ ಯಾರು ಕೊಳ್ಳತಾರ?"

"ಮುಂಬೈದಾಗ ದೊಡ್ಡ ದೊಡ್ಡ ಕಂಪನಿ ಅದಾವ."

"ಹೋಗಿ ಕೇಳಿ ಬರ್ತೀನಿ."

ಬಾಲಮ್ಮ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಯಾದಗಿರಿಯಲ್ಲಿ ರೈಲು ಹತ್ತಿ ಹೋದ. ಮುಂಬೈಯಲ್ಲಿ ಅವನ ತಂಗಿ ಸುಗಲಮ್ಮ ಗಂಡನ ಜೊತೆ ಕಟ್ಟಡ ಕೆಲಸ ಮಾಡುತ್ತಿದ್ದಳು. ಅವರ ತಗಡಿನ ಶೆಡ್ಡಿನ ಎದುರಿಗೇ ಅಂಥದೊಂದು ಕಂಪನಿಯ ಗಾಜಿನ ಕಟ್ಟಡ ನಿಂತಿತ್ತು.

"ಯಣ್ಣಾ, ಇದಕ್ಕ ನಾನ ಇಟ್ಟಂಗಿ ಹೊತ್ತೀನಿ," ಅಂದಳು ಸುಗಲಮ್ಮ. "ಆದರ ಒಳಗ ಏನು ಮಾಡ್ತಾರ ದೇವರಿಗೇ ಗೊತ್ತು. ಮುಂಜಾನಿ ಬರಿಗೈಲೆ ಹೋಗ್ತಾರ, ಸಂಜೀಕ ಬರಿಗೈಲೆ ಬರ್ತಾರ. ಮಾರಿ ಮಾತ್ರ ನಮ್ಮಕಿಂತ ದಣಿದಿರ್ತದ."

ಸಂಜೆ ಹಣಮಂತ್ರಾಯ ರುಮಾಲು ಸುತ್ತಿ, ವಲ್ಲಿ ಹೆಗಲಿಗೆ ಹಾಕಿ ಗೇಟಿನಲ್ಲಿ ನಿಂತ. ಹೊರಬಂದವರನ್ನು ಸಂತೆಯ ಉರ್ದುವಿನಲ್ಲೇ ತಡೆದು ಕೇಳಿದ: ಸಾಹೇಬ್ರೇ, ನೀವು ಏನು ಓದೀರಿ?

ಮೊದಲನೆಯ ಹುಡುಗ ವಿಮಾನ ಕಟ್ಟುವ ಇಂಜಿನಿಯರಿಂಗ್ ಓದಿದ್ದ. ವಿಮಾನ ಮಾರುತ್ತೀರಾ ಅಂದರೆ, ಇಲ್ಲ, ಸಕ್ಕರೆ ಕಾರ್ಖಾನೆ ಅಂದ. ಎರಡನೆಯವಳು ರೋಮ್ ರಾಜರ ಇತಿಹಾಸ ಓದಿದ್ದಳು. ಮೂರನೆಯವನು ಪಶುವೈದ್ಯ. ಹಣಮಂತ್ರಾಯನಿಗೆ ನೆಂಟನೇ ಸಿಕ್ಕಂತಾಯಿತು. "ಎತ್ತಿನ ಡಾಕ್ಟರ್ ಆಗಿ ಇಲ್ಲಿಗೆ ಯಾಕ ಬಂದ್ರಿ?"

"ಎತ್ತು ಒದೆಯಿತು," ಅಂದ ಆತ, ನಗದೆ.

ಯಾರೂ ಓದಿದ್ದನ್ನು ಮಾಡುತ್ತಿರಲಿಲ್ಲ, ಮಾಡುತ್ತಿರುವುದನ್ನು ಯಾರೂ ಓದಿರಲಿಲ್ಲ. ನಾಲ್ಕನೆಯವನನ್ನು ತಡೆಯುವಷ್ಟರಲ್ಲಿ ಗೇಟಿನ ಸೆಕ್ಯುರಿಟಿಯವನು ಬಂದು ಕೈಮುಗಿದು, "ಮೇಲೆ ಕರೀತಾರೆ" ಅಂದ. ಹಿಂದಿನ ವಾರವಷ್ಟೇ, ಈ ಕಂಪನಿ ಕುದುರಿಸಿದ ಕಾರ್ಖಾನೆಯೊಂದಕ್ಕೆ ಭೂಮಿ ಕಳೆದುಕೊಂಡ ರೈತರು ಬಂದು ಅದೇ ಗೇಟಿನಲ್ಲಿ ಧಿಕ್ಕಾರ ಕೂಗಿದ್ದರು. ರುಮಾಲು ಕಂಡು, ಈ ಸಲ ಅವರ ಮುಖಂಡನೇ ಬಂದಿದ್ದಾನೆ ಎಂದು ಅವನು ಮೇಲಕ್ಕೆ ಫೋನ್ ಮಾಡಿದ್ದ.

ಲಿಫ್ಟಿನಲ್ಲಿ ಹಣಮಂತ್ರಾಯ ಗೋಡೆ ಹಿಡಿದು ನಿಂತ. ಮೇಲೆ ಉದ್ದನೆಯ ಮೇಜು, ಅದರ ಸುತ್ತ ಅಧಿಕಾರಿಗಳು. ಚಹಾ, ಬಿಸ್ಕೀಟು ಬಂತು.

"ನಿಮ್ಮ ಬೇಡಿಕೆ ಏನು?" ಅಂದ ದಪ್ಪ ಅಧಿಕಾರಿ.

"ನನ್ನ ಮಗಳು ಯಾವ ಡಿಗ್ರಿ ಓದಬೇಕು?"

ಒಬ್ಬ ಬರೆದುಕೊಂಡ. "ಎರಡನೆಯ ಬೇಡಿಕೆ?"

"ಯಾವ ಯುನಿವರ್ಸಿಟಿ?"

"ಮೂರನೆಯದು?"

"ಮೂರನೇದು ಇಲ್ರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಮೂರನೆಯ ಬೇಡಿಕೆ ಇಲ್ಲದ ಮುಖಂಡನನ್ನು ಅವರು ಕಂಡಿರಲಿಲ್ಲ. ಏನೋ ದೊಡ್ಡದನ್ನೇ ಬಚ್ಚಿಟ್ಟಿದ್ದಾನೆ ಎಂದು ವಕೀಲರನ್ನು ಕರೆಸಿದರು. ವಕೀಲರು ಬಂದು, ಯಾವ ಡಿಗ್ರಿಯ ಹೆಸರನ್ನೂ ಬಾಯಿಂದ ಹೇಳಬೇಡಿ, ಮುಂದೆ ಕೋರ್ಟಿನಲ್ಲಿ ತೊಂದರೆಯಾದೀತು ಅಂದರು.

ಬಾಯಿಂದ ಹೇಳಲಾಗದಿದ್ದರೆ ಬೇಡ, ಅದಕ್ಕೂ ದಾರಿ ಇದೆ ಎಂದುಕೊಂಡು ಹಣಮಂತ್ರಾಯ ದಪ್ಪ ಅಧಿಕಾರಿಯ ಕೈಹಿಡಿದು ಮೇಲೆ ವಲ್ಲಿ ಮುಚ್ಚಿದ. ಆ ಅಧಿಕಾರಿ ಇದು ಆಶೀರ್ವಾದವೆಂದು ತಿಳಿದು ಕಣ್ಣುಮುಚ್ಚಿದ. ಹಣಮಂತ್ರಾಯ ಬೆರಳು ಒತ್ತಿದ. ಭಕ್ತಿಯಿಂದ ಆತನೂ ತಿರುಗಿ ಎರಡು ಬೆರಳು ಒತ್ತಿಬಿಟ್ಟ.

"ಆತು, ಎತ್ತಿನ ಜೋಡಿ ನಿಮ್ಮದು!" ಅಂದುಬಿಟ್ಟ ಹಣಮಂತ್ರಾಯ, ರೂಢಿಬಲದಿಂದ. ಆಮೇಲೆ ಸುತ್ತ ನೋಡಿ, "ಹೋಗ್ಲಿ ಬಿಡ್ರಿ, ನಿಮಗ ಕಟ್ಟಾಕ ಜಾಗಾನ ಇಲ್ಲ," ಅಂದ.

ಮೇಜಿನ ತುದಿಯಲ್ಲಿ ಕೂತಿದ್ದ ಹಿರಿಯ ಮೇಡಂ ಜೋರಾಗಿ ನಕ್ಕಳು. ಅವಳ ಗಂಡನ ಊರು ಸೊಲ್ಲಾಪುರ, ದನದ ಸಂತೆ ಕಂಡವಳು. ಉಳಿದವರನ್ನೆಲ್ಲ ಹೊರಗೆ ಕಳಿಸಿ ಹತ್ತಿರ ಕೂತಳು.

"ಅಣ್ಣಾ, ನಿಜ ಹೇಳ್ತೀನಿ. ಏನು ಓದಿದಿ ಅಂತ ಇಲ್ಲಿ ಯಾರೂ ಕೇಳೋದಿಲ್ಲ. ಎಲ್ಲಿ ಓದಿದಿ ಅಂತ ಕೇಳ್ತಾರೆ. ನಾಲ್ಕಾರು ಹೆಸರುವಾಸಿ ಕಾಲೇಜು ಇವೆ, ಅಲ್ಲಿಂದ ಬಂದವರನ್ನಷ್ಟೇ ತೊಗೋತಾರೆ."

"ನಮ್ಮ ಕಡೀ ಕಾಲೇಜಿಂದ ಬಂದ್ರ?"

"ಅರ್ಜಿ ತೆರೆದೂ ನೋಡೋದಿಲ್ಲ."

ಹಣಮಂತ್ರಾಯ ಕೈಯಲ್ಲಿದ್ದ ಬಿಸ್ಕೀಟನ್ನು ತಿರುಗಿ ತಟ್ಟೆಗಿಟ್ಟ. ಆದರೆ ಎತ್ತು ಕುಂಟು ಅಂತ ತಾವೇ ಹೇಳುವವರು ಸಂತೆಯಲ್ಲಿ ಅಪರೂಪ. ಅವಳ ಮೇಲೆ ನಂಬಿಕೆ ಹುಟ್ಟಿತು. "ಬ್ಯಾರೆ ದಾರಿ ಇಲ್ಲೇನ್ರಿ?"

"ಒಂದಿದೆ. ಸಿ.ಎ. ಅಂತ. ಅದಕ್ಕೆ ಯುನಿವರ್ಸಿಟಿನೇ ಇಲ್ಲ. ಹಳ್ಳಿಯಿಂದ ಬರೆದರೂ ಮುಂಬೈಯಿಂದ ಬರೆದರೂ ಪೇಪರ್ ಒಂದೇ. ಆದರೆ ನೂರಾರು ಜನ ಕೂತರೆ ಬೆರಳೆಣಿಕೆ ಜನ ಏಳ್ತಾರೆ."

ಹೊರಡುವಾಗ ವಕೀಲರ ಸಲಹೆಯಂತೆ ಅವನಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಧರಣಿ ಶಾಂತವಾಗಿ ಮುಗಿಯಿತು ಎಂದು ಕಂಪನಿಯವರು ಬರೆದುಕೊಂಡರಂತೆ.

ಊರಿಗೆ ಬಂದು ಎಲ್ಲ ಹೇಳಿದ. ಮೌನಮ್ಮ ಮತ್ತೊಮ್ಮೆ ಕೇಳಿದಳು: "ಅರ್ಜಿ ತೆರೆದೂ ನೋಡಂಗಿಲ್ಲ ಅಂದ್ರಾ?"

"ಹಂಗ ಅಂದ್ರವ್ವಾ."

"ಹಂಗಾರ ಶಹಾಪುರದಾಗ ಬಿ.ಕಾಂ. ಓದಿಕೋತ ಸಿ.ಎ. ಮಾಡ್ತೀನಿ."

"ಫೇಲಾದ್ರ?"

"ಮತ್ತ ಬರೀತೀನಿ."

ಫೇಲಾದಳು, ಮತ್ತೆ ಬರೆದಳು. ಹೈದರಾಬಾದಿಗೆ ಹೋಗಿ ಆಡಿಟರೊಬ್ಬರ ಹತ್ತಿರ ಟ್ರೇನಿಂಗ್ ಮಾಡಿದಳು, ಇನ್ನೊಮ್ಮೆ ಫೇಲಾದಳು. ಹಾಸ್ಟೆಲಿನಿಂದ ಫೋನ್ ಮಾಡಿ ಅತ್ತಾಗ ಬಾಲಮ್ಮ, "ಸಾಕು, ಬಾ, ರೊಟ್ಟಿ ಮಾಡೋದಕ್ಕ ಪರೀಕ್ಷಾ ಇಲ್ಲ," ಅಂದಳು. ಅವಳು ಬರಲಿಲ್ಲ. ಕಡೆಗೆ ಪಾಸಾದಳು. ಒಂದೆರಡು ಸಣ್ಣ ಕೆಲಸ ಮಾಡಿ, ಹೈದರಾಬಾದಿನಲ್ಲೇ ಕಂಪನಿ ಕೊಡುಕೊಳ್ಳುವಿಕೆಯ ವ್ಯವಹಾರ ಮಾಡುವ ಸಂಸ್ಥೆ ಸೇರಿದಳು. ಗಾಜಿನ ಕಟ್ಟಡವಲ್ಲ, ಕೆಳಗೆ ಬಿರಿಯಾನಿ ಹೋಟೆಲು, ಮೇಲೆ ಆಫೀಸು.

ಒಮ್ಮೆ ನಾಗರಪಂಚಮಿಗೆ ಊರಿಗೆ ಬಂದವಳಿಗೆ ಆಫೀಸಿನ ಫೋನ್ ಬಂತು. ಮನೆಯಲ್ಲಿ ಸಿಗ್ನಲ್ ಸಿಗದೆ ಕೆನಾಲ್ ದಂಡೆಗೆ ಓಡಿದಳು. ಅಲ್ಲಿ ನಿಂತು ಇಂಗ್ಲಿಷಿನಲ್ಲಿ ಕೈಯಾಡಿಸುತ್ತ, ಒಮ್ಮೆ ಬೇಡಿಕೊಳ್ಳುತ್ತ, ಒಮ್ಮೆ ಗದರಿಸುತ್ತ ಮಾತಾಡಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸಬಕಾರ ಹಿಡಿದುಕೊಂಡೇ ನಿಂತುಬಿಟ್ಟರು. ಕಡೆಗೆ ವ್ಯವಹಾರ ಕುದುರಿತು, ಮಾತು ಮುಗಿಸಿ ಮೌನಮ್ಮ ದಂಡೆಯ ಮೇಲೆ ಕುಸಿದು ಕೂತಳು. ಪಕ್ಕದ ಮನೆಯ ಮರಿಲಿಂಗಮ್ಮ ಒದ್ದೆ ಕೈಯಲ್ಲೇ ಓಡಿಬಂದಳು.

"ಏನಾತವ್ವಾ?"

"ಏನಿಲ್ಲ ಅತ್ತಿ. ಒಂದು ಸಿಮೆಂಟ್ ಕಂಪನಿ ಹೋತು."

"ಅಯ್ಯ ಶಿವನೇ!" ಮರಿಲಿಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮಣ್ಣು ಮಾಡೋದು ಯಾವಾಗಂತ?"

ಮೌನಮ್ಮ ಸ್ವಲ್ಪ ಯೋಚಿಸಿ, "ಮುಂದಿನ ತಿಂಗಳು, ಎಲ್ಲಾರೂ ಸಹಿ ಹಾಕಿದ ಮ್ಯಾಲ," ಅಂದಳು.